ವ್ರಣಿತನ ಪಥ್ಯ: ಶಸ್ತ್ರಚಿಕಿತ್ಸೆಯ ತರುವಾಯದ ಆಹಾರದ ಇತಿಹಾಸವನ್ನು ಕುರಿತ ಒಂದು ವಿಚಾರ

೧

ಶಸ್ತ್ರಚಿಕಿತ್ಸೆಯಾದ ಮನುಷ್ಯನು ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆ ವೈದ್ಯರಿಗೆ ಮಾತ್ರ ಸೇರಿದುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಈ ಪ್ರಶ್ನೆಗೆ ನಮ್ಮ ನಾಡು ಕೊಟ್ಟುಕೊಂಡು ಬಂದ ಉತ್ತರಗಳಿಗೆ ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅವುಗಳಲ್ಲಿ ಕೆಲವು ಗ್ರಂಥಗಳಲ್ಲಿ ಉಳಿದಿವೆ. ಹಲವು ಮನೆಯ ಹಿರಿಯರ ಬಾಯಲ್ಲಿ ಉಳಿದಿವೆ. ಈಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಹೊರನಾಡಿನಿಂದ ಬಂದ ಕೀಟೋಜೆನಿಕ್ ಎಂಬ ಆಹಾರಕ್ರಮವೂ ಸೇರಿಕೊಂಡಿದೆ. ಧಾನ್ಯ ಮತ್ತು ಸಕ್ಕರೆಗಳ ಪಿಷ್ಟಾಂಶವನ್ನು ಬಹುಮಟ್ಟಿಗೆ ತೊರೆದು, ಜಿಡ್ಡನ್ನೇ ಶರೀರದ ಮುಖ್ಯ ಇಂಧನವನ್ನಾಗಿ ಮಾಡಿಕೊಳ್ಳುವುದು ಇದರ ತಿರುಳು. ಈ ಕ್ರಮವನ್ನು ಅನುಸರಿಸುತ್ತಿರುವಾಗಲೇ ಶಸ್ತ್ರಚಿಕಿತ್ಸೆಗೆ ಒಳಗಾದವನು ತನ್ನ ಗಾಯ ಮಾಯಲು ಬೇಕಾದಷ್ಟು ಸಸಾರಜನಕವನ್ನು, ಎಂದರೆ ಈಗ ಎಲ್ಲರೂ ಪ್ರೋಟೀನು ಎಂದು ಕರೆಯುವ ಪೋಷಕಾಂಶವನ್ನು, ಎಲ್ಲಿಂದ ಪಡೆಯಬೇಕು ಎಂಬುದನ್ನು ಇತಿಹಾಸದ ದೃಷ್ಟಿಯಿಂದ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಚಾರವು ನೆಲವನ್ನು ಬಿಟ್ಟು ಹೋಗದಂತೆ ಒಂದು ಊರನ್ನು ಕಣ್ಣಮುಂದೆ ಇರಿಸಿಕೊಳ್ಳುವುದು ಯುಕ್ತ. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಅಲಖನೂರ ಕೃಷ್ಣಾ ಕೊಳ್ಳದ ಒಂದು ಒಕ್ಕಲುತನದ ಗ್ರಾಮ. ರಾಯಬಾಗ, ಚಿಕ್ಕೋಡಿ, ಅಥಣಿ ಸೀಮೆಗಳಲ್ಲಿ ಜೋಳದ ರೊಟ್ಟಿ ಹಿಂದಿನಿಂದಲೂ ಪ್ರಧಾನ ಆಹಾರ. ಶೇಂಗಾ, ಅಗಸಿ, ಗುರೆಳ್ಳಿನ ಹಿಂಡಿಗಳೂ ಕಾಳುಕಡಿಗಳೂ ಎಮ್ಮೆಯ ಹೈನವೂ ಅದರ ಸಂಗಾತಿಗಳು. ಇಲ್ಲಿಯ ಜನರಲ್ಲಿ ಲಿಂಗಾಯತರೂ ಜೈನರೂ ಬಹುಸಂಖ್ಯೆಯಲ್ಲಿರುವುದರಿಂದ ಮಾಂಸವನ್ನೂ ಮೊಟ್ಟೆಯನ್ನೂ ಮುಟ್ಟದ ಮನೆಗಳು ಅನೇಕ. ಇಂಥ ಒಂದು ಮನೆಯ ಅರವತ್ತು ಕಿಲೋ ತೂಕದ ಒಕ್ಕಲಿಗನು ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಮರಳಿದ್ದಾನೆ ಎಂದು ಕಲ್ಪಿಸಿಕೊಳ್ಳೋಣ. ಅವನ ತಾಟಿನ ಮೇಲೆ ಮೂರು ಕಾಲಗಳ ನಿಷೇಧಗಳು ಒಟ್ಟಿಗೆ ಬಂದು ಕೂಡುತ್ತವೆ ಎಂಬುದು ನಮ್ಮ ಪ್ರತಿಪಾದನೆ.

೨

ಮೊದಲನೆಯದು ಪ್ರಾಚೀನ ಶಲ್ಯತಂತ್ರದ ನಿಷೇಧ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹತ್ತೊಂಬತ್ತನೆಯ ಅಧ್ಯಾಯವು ಗಾಯಗೊಂಡವನ ಉಪಚಾರಕ್ಕೇ ಮೀಸಲಾದುದು. ವ್ರಣಿತನು ಹೊಸ ಧಾನ್ಯ, ಉದ್ದು, ಎಳ್ಳು, ಹುರುಳಿ, ಅವರೆ, ಹುಳಿ, ಬೆಲ್ಲ, ಪಾಯಸ, ಹಾಲು, ಮೊಸರು, ಮಜ್ಜಿಗೆ ಮೊದಲಾದವುಗಳನ್ನು ಬಿಡಬೇಕೆಂದು ಅಲ್ಲಿ ಹೇಳಿದೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹೊಲಿಗೆ ಹಾಕಿಸಿಕೊಂಡವನಿಗೆ ‘ನಂಜು ಆಗುತ್ತದೆ’, ‘ಕೀವು ತುಂಬುತ್ತದೆ’ ಎಂದು ಕಾಳು, ಶೇಂಗಾ, ಮೊಸರುಗಳನ್ನು ನಿಲ್ಲಿಸುವ ರೂಢಿಯುಂಟು. ಈ ರೂಢಿಯು ಆ ಗ್ರಂಥದಿಂದಲೇ ನೇರವಾಗಿ ಇಳಿದುಬಂದಿತೆಂದು ನಾವು ಹೇಳಲಾರೆವು. ಆದರೆ ಎರಡರ ಹೋಲಿಕೆ ಸ್ಪಷ್ಟವಾಗಿದೆ.

ಇಲ್ಲಿ ಲಕ್ಷಿಸಬೇಕಾದ ಸಂಗತಿ ಬೇರೊಂದಿದೆ. ಅದೇ ಅಧ್ಯಾಯವು ಬಿಡಬೇಕಾದುದನ್ನು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಹಳೆಯ ಅಕ್ಕಿಯ ಮೃದುವಾದ ಬಿಸಿ ಅನ್ನವನ್ನು ತುಪ್ಪದೊಡನೆ ಮಿತವಾಗಿ ಉಣ್ಣಬೇಕು, ಜೊತೆಗೆ ಜಾಂಗಲ ಪ್ರಾಣಿಗಳ ಮಾಂಸವಿರಬೇಕು, ಹಾಗೆ ಉಣ್ಣುವವನ ಗಾಯ ಬೇಗ ಮಾಯುವುದು ಎನ್ನುತ್ತದೆ. ಹೆಸರು ಮೊದಲಾದವುಗಳ ರಸವನ್ನೂ ಪರ್ಯಾಯವಾಗಿ ಸೂಚಿಸುತ್ತದೆ. ಹಾಲು ಮತ್ತು ಕಾಳುಗಳನ್ನು ಕಿತ್ತುಕೊಂಡ ಆಚಾರ್ಯನು ಅವುಗಳ ಎಡೆಯಲ್ಲಿ ಮಾಂಸವನ್ನೂ ಹೆಸರನ್ನೂ ಇರಿಸಿದ್ದಾನೆ. ಸಸಾರಜನಕವೆಂಬ ಕಲ್ಪನೆಯೇ ಇಲ್ಲದ ಆ ಕಾಲದಲ್ಲಿಯೂ ತಾಟನ್ನು ಬರಿದು ಮಾಡದ ಎಚ್ಚರಿಕೆ ಇದ್ದಿತು.

೩

ಎರಡನೆಯ ನಿಷೇಧವು ಕನ್ನಡ ನಾಡಿನಲ್ಲಿಯೇ ವಾದವಾಗಿ ಬೆಳೆದುದು. ಒಂಬತ್ತನೆಯ ಶತಮಾನದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ದ ಕೊನೆಯಲ್ಲಿ ‘ಹಿತಾಹಿತ’ವೆಂಬ ಪ್ರಕರಣವಿದೆ. ನೃಪತುಂಗನ ಸಭೆಯಲ್ಲಿ, ವೈದ್ಯರ ಸಮಕ್ಷಮದಲ್ಲಿ, ಔಷಧದಲ್ಲಿಯೂ ಮಾಂಸವು ಅನಾವಶ್ಯಕವೆಂದು ಆತನು ಮಂಡಿಸಿದ ವಾದ ಅದರಲ್ಲಿ ಅಡಕವಾಗಿದೆ. ಈ ಗ್ರಂಥವು ೧೯೪೦ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಮುಂದೆ ಸುಮಾರು ೧೧೫೦ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಿಸಿದಾಗ ಅಲ್ಲಿಯೂ ಮದ್ಯ ಮಾಂಸಗಳಿಗೆ ಎಡೆಯಿರಲಿಲ್ಲ. ಮಾಂಸವಿಲ್ಲದೆ ರೋಗಿಯು ಬಲಗೊಳ್ಳಬಲ್ಲನೆ ಎಂಬ ಪ್ರಶ್ನೆಯನ್ನು ರಾಜಸಭೆಯಲ್ಲಿ ಎತ್ತಿ ಚರ್ಚಿಸಿದ ನಾಡು ನಮ್ಮದು ಎಂಬುದು ಸಾಮಾನ್ಯ ಸಂಗತಿಯಲ್ಲ.

ಆ ಪರಂಪರೆಯು ಸಸ್ಯಾಹಾರವನ್ನು ಬಡಕಲು ಆಹಾರವನ್ನಾಗಿ ಮಾಡಲಿಲ್ಲ. ೧೦೨೫ರ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಪ್ರಕರಣವಿದೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಆದ್ಯಂತವಾಗಿ ಸಸ್ಯಾಹಾರದ ಪಾಕಗ್ರಂಥ. ಜೈನನಲ್ಲದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಾಂಸದ ಅಡುಗೆಗಳ ಜೊತೆಗೆ, ಕಾಯಿಸಿದ ಹಾಲಿಗೆ ಹುಳಿ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಆ ಗಟ್ಟಿಯಿಂದ ಭಕ್ಷ್ಯಗಳನ್ನು ಮಾಡುವ ವಿಧಾನವೂ ಬರುತ್ತದೆ. ಇಂದು ಪನೀರು ಎಂದು ಅಂಗಡಿಯಲ್ಲಿ ಕೊಳ್ಳುವ ಪದಾರ್ಥಕ್ಕೆ ತೀರ ಹತ್ತಿರವಾದುದು ಕಲ್ಯಾಣದ ಅರಮನೆಯಲ್ಲಿ ಬಳಕೆಯಲ್ಲಿತ್ತೆಂದು ಇದರಿಂದ ತಿಳಿಯುತ್ತದೆ.

ಹೀಗೆ ಎರಡು ಪರಂಪರೆಗಳೂ ತಮ್ಮಷ್ಟಕ್ಕೆ ಪೂರ್ಣವಾದವು. ಒಂದು ಹಾಲು ಕಾಳುಗಳನ್ನು ಬಿಟ್ಟು ಮಾಂಸವನ್ನು ಇರಿಸಿತು. ಇನ್ನೊಂದು ಮಾಂಸವನ್ನು ಬಿಟ್ಟು ಹಾಲು ಕಾಳುಗಳನ್ನು ಇರಿಸಿತು. ರೂಢಿಯಲ್ಲಿ ಎರಡೂ ಬೆರೆತಾಗ ಎರಡರ ನಿಷೇಧಗಳು ಉಳಿದು, ಎರಡರ ವಿಧಿಗಳೂ ಮರೆತುಹೋದವು. ಗಾಯಾಳುವಿಗೆ ಉಳಿದುದು ಗಂಜಿ, ಮೆತ್ತನ್ನ, ತುಪ್ಪ.

೪

ಈ ಸೀಮೆಗೆ ಆಧುನಿಕ ಶಸ್ತ್ರಚಿಕಿತ್ಸೆ ಸಮೀಪವಾದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ೧೮೮೯ರಲ್ಲಿ ಭಾರತಕ್ಕೆ ಬಂದ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು ೧೮೯೪ರಲ್ಲಿ ಮಿರಜದಲ್ಲಿ ಆಸ್ಪತ್ರೆಯನ್ನು ತೆರೆದರು. ಆಗ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಮಿರಜದಿಂದ ಬೆಳಗಾವಿಗೆ ಹೋಗುವ ರೈಲುದಾರಿ ಈ ಸೀಮೆಯ ನಡುವೆಯೇ ಹಾದಿದೆ. ಬೆಳಗಾವಿಯಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದುದು ೧೯೬೩ರಲ್ಲಿ. ಶಸ್ತ್ರವೈದ್ಯರ ಕೈಚಳಕವು ಹೀಗೆ ಬೆಳೆಯಿತಾದರೂ, ಕೊಯ್ದ ಶರೀರದೊಳಗೆ ಏನು ನಡೆಯುತ್ತದೆಂಬ ಲೆಕ್ಕ ಬಹುಕಾಲ ಜಗತ್ತಿನಲ್ಲಿ ಎಲ್ಲಿಯೂ ದೊರೆತಿರಲಿಲ್ಲ.

ಆ ಲೆಕ್ಕವನ್ನು ತೆರೆದವರು ಗ್ಲಾಸ್ಗೋ ನಗರದ ಡೇವಿಡ್ ಕತ್ಬರ್ಟ್‌ಸನ್. ಮೂಳೆ ಮುರಿದು ಮಲಗಿದ್ದ ರೋಗಿಗಳ ಮೂತ್ರವನ್ನು ಪರೀಕ್ಷಿಸಿ, ಪೆಟ್ಟಾದ ಕೆಲವು ದಿನಗಳಲ್ಲಿ ಸಾರಜನಕವು ಅಪಾರವಾಗಿ ಹೊರಬೀಳುವುದನ್ನು ಅವರು ೧೯೩೦ರಿಂದ ಮುಂದಿನ ವರ್ಷಗಳಲ್ಲಿ ಪ್ರಕಟಿಸಿದರು. ಅದು ಮೂಳೆಯಿಂದ ಬಂದುದಲ್ಲ. ಇಡೀ ಶರೀರದ ಮಾಂಸಖಂಡಗಳು ಕರಗಿ ಬಂದುದು. ೧೯೩೬ರಲ್ಲಿ ಅಮೇರಿಕದ ಸ್ಟಡ್ಲಿ ಎಂಬ ಶಸ್ತ್ರವೈದ್ಯರು ಜಠರದ ಹುಣ್ಣಿಗೆ ಚಿಕಿತ್ಸೆ ಪಡೆದವರನ್ನು ಪರಿಶೀಲಿಸಿದರು. ಚಿಕಿತ್ಸೆಗೆ ಮುಂಚೆ ತಮ್ಮ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡವರಲ್ಲಿ ನೂರಕ್ಕೆ ಸುಮಾರು ೩೩ ಮಂದಿ ಸತ್ತಿದ್ದರು. ಉಳಿದವರಲ್ಲಿ ಸತ್ತವರು ನೂರಕ್ಕೆ ಮೂರು ನಾಲ್ಕು ಮಂದಿ ಮಾತ್ರ. ಪಥ್ಯದ ಪ್ರಶ್ನೆಯು ಜೀವನ್ಮರಣದ ಪ್ರಶ್ನೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೨೦ರಲ್ಲಿ ಆರೋಗ್ಯವಂತ ವಯಸ್ಕನಿಗೆ ತೂಕದ ಕಿಲೋ ಒಂದಕ್ಕೆ ದಿನಕ್ಕೆ ೦.೮೩ ಗ್ರಾಂ ಸಸಾರಜನಕವನ್ನು ಗೊತ್ತುಪಡಿಸಿತು. ಶಸ್ತ್ರಚಿಕಿತ್ಸೆಯಾದವರಿಗೆ ಯುರೋಪಿನ ಪೌಷ್ಟಿಕತಾ ತಜ್ಞರ ಸಂಘ ಹೇಳುವುದು ೧.೫ ಗ್ರಾಂ. ನಮ್ಮ ಅರವತ್ತು ಕಿಲೋದ ಒಕ್ಕಲಿಗನಿಗೆ ಆರೋಗ್ಯದಲ್ಲಿ ೫೦ ಗ್ರಾಂ ಸಾಕಾಗುತ್ತಿದ್ದರೆ, ಗಾಯ ಮಾಯುವ ದಿನಗಳಲ್ಲಿ ೯೦ ಗ್ರಾಂ ಬೇಕಾಗುತ್ತದೆ.

೫

ಮೂರನೆಯ ನಿಷೇಧವಾದ ಕೀಟೋಜೆನಿಕ್ ಕ್ರಮವು ಗಾಯಕ್ಕಾಗಿ ಹುಟ್ಟಿದುದಲ್ಲ, ತೂಕ ಇಳಿಸುವುದಕ್ಕಾಗಿಯೂ ಹುಟ್ಟಿದುದಲ್ಲ, ಮೂರ್ಛೆರೋಗಕ್ಕಾಗಿ ಹುಟ್ಟಿದುದು. ಉಪವಾಸದಿಂದ ಮೂರ್ಛೆ ಹಿಡಿತಕ್ಕೆ ಬರುವುದನ್ನು ಕಂಡು, ಉಪವಾಸವಿಲ್ಲದೆಯೇ ಅದೇ ಫಲವನ್ನು ಪಡೆಯಬಹುದೆಂದು ಅಮೇರಿಕದ ಮೇಯೋ ಚಿಕಿತ್ಸಾಲಯದ ರಸೆಲ್ ವೈಲ್ಡರ್ ೧೯೨೧ರಲ್ಲಿ ಸೂಚಿಸಿದರು. ಅಲ್ಲಿಯವರೇ ಆದ ಪೀಟರ್‌ಮನ್ ಅದನ್ನು ಮಕ್ಕಳಿಗೆ ಅಳವಡಿಸಿ ಪ್ರಮಾಣಗಳನ್ನು ನಿಗದಿಗೊಳಿಸಿದರು: ಕಿಲೋ ತೂಕಕ್ಕೆ ೧ ಗ್ರಾಂ ಸಸಾರಜನಕ, ದಿನಕ್ಕೆ ೧೦ರಿಂದ ೧೫ ಗ್ರಾಂ ಪಿಷ್ಟ, ಉಳಿದುದೆಲ್ಲ ಜಿಡ್ಡು. ಸಸಾರಜನಕವನ್ನು ಹೀಗೆ ಬಿಗಿಹಿಡಿದುದಕ್ಕೆ ಕಾರಣವಿತ್ತು. ಅದರ ನೂರಕ್ಕೆ ೫೮ ಪಾಲು ಶರೀರದಲ್ಲಿ ಸಕ್ಕರೆಯಾಗಬಲ್ಲುದು, ಸಕ್ಕರೆಯಾದಷ್ಟೂ ಕೀಟೋನುಗಳು ಕಡಿಮೆಯಾಗುವುವು ಎಂಬುದು ಆ ಕಾಲದ ವುಡ್ಯಾಟ್ ಮೊದಲಾದವರ ಗಣಿತ. ಮೂಲ ಕ್ರಮವನ್ನು ಅಕ್ಷರಶಃ ಪಾಲಿಸಿದರೆ ನಮ್ಮ ಒಕ್ಕಲಿಗನಿಗೆ ದೊರೆಯುವುದು ೬೦ ಗ್ರಾಂ. ಬೇಕಾದುದರ ಮೂರರಲ್ಲಿ ಎರಡು ಪಾಲು.

ಕೀಟೋನುಗಳೇ ಮಾಂಸಖಂಡವನ್ನು ಉಳಿಸುವುವಲ್ಲ ಎಂಬ ಸಂದೇಹ ಇಲ್ಲಿ ಬರಬಹುದು. ದೀರ್ಘ ಉಪವಾಸದಲ್ಲಿ ಮಿದುಳು ಕೀಟೋನುಗಳಿಂದ ಬದುಕಬಲ್ಲುದೆಂದು ಓವೆನ್ ಮತ್ತು ಕೇಹಿಲ್ ೧೯೬೭ರಲ್ಲಿ ತೋರಿಸಿದುದು ನಿಜ. ಅದನ್ನು ಆಧರಿಸಿ ಬಾಸ್ಟನ್ನಿನ ಬ್ಲ್ಯಾಕ್‌ಬರ್ನ್ ೧೯೭೩ರಲ್ಲಿ, ಶಸ್ತ್ರಚಿಕಿತ್ಸೆಯಾದವರಿಗೆ ಗ್ಲೂಕೋಸಿಲ್ಲದೆ ಅಮೈನೋ ಆಮ್ಲಗಳನ್ನಷ್ಟೇ ರಕ್ತನಾಳದ ಮೂಲಕ ಕೊಟ್ಟರೆ ಶರೀರವು ತನ್ನ ಕೊಬ್ಬನ್ನು ಉರಿಸಿ ಮಾಂಸವನ್ನು ಉಳಿಸಿಕೊಳ್ಳುವುದೆಂದು ವಾದಿಸಿದರು. ಆದರೆ ಅವರ ಪ್ರಯೋಗದಲ್ಲಿಯೂ ಮಾಂಸಖಂಡದ ರಕ್ಷಣೆಗೆ ಒದಗಿಸಿದುದು ಸಸಾರಜನಕದ ಘಟಕಗಳನ್ನೇ. ಅಲ್ಲದೆ ಉಪವಾಸಿಯ ಶರೀರದಂತೆ ಗಾಯಾಳುವಿನ ಶರೀರವು ಕೀಟೋನುಗಳಿಗೆ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ೧೯೯೦ರ ದಶಕದಲ್ಲಿ ಕೋಪನ್‌ಹೇಗನ್ನಿನ ಹೆನ್ರಿಕ್ ಕೆಹ್ಲೆಟ್ ಆರಂಭಿಸಿದ ಶೀಘ್ರ ಚೇತರಿಕೆಯ ಪದ್ಧತಿಯಲ್ಲಂತೂ ರೋಗಿಗೆ ಬೇಗನೆ ಉಣಿಸುವುದೇ ಮುಖ್ಯ. ಆ ಪದ್ಧತಿ ಬೆಳೆದಂತೆ ಚಿಕಿತ್ಸೆಗೆ ಮುಂಚೆ ಪಿಷ್ಟದ ಪಾನೀಯವನ್ನು ಕೊಡುವುದೂ ರೂಢಿಗೆ ಬಂದಿತು.

೬

ಈಗ ಅಲಖನೂರಿನ ತಾಟಿಗೆ ಹಿಂದಿರುಗೋಣ. ಪಶ್ಚಿಮದವರು ಬ್ರೆಡ್ಡನ್ನು ಬಿಟ್ಟರೂ ಅವರ ತಾಟಿನಲ್ಲಿ ಮಾಂಸ, ಮೊಟ್ಟೆ, ಮೀನುಗಳು ಉಳಿಯುತ್ತವೆ. ನಮ್ಮಲ್ಲಿ ಹಾಗಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ಸಸಾರಜನಕವಿದೆ. ದಿನಕ್ಕೆ ೪೦೦ ಗ್ರಾಂ ಹಿಟ್ಟಿನ ರೊಟ್ಟಿ ಉಣ್ಣುವ ದುಡಿಮೆಗಾರನಿಗೆ ೪೦ ಗ್ರಾಂ ಅದರಿಂದಲೇ ಬರುತ್ತದೆ. ರೊಟ್ಟಿಯನ್ನು ಬರಿಯ ಪಿಷ್ಟವೆಂದು ತಳ್ಳಿದವನು ತನ್ನ ಸಸಾರಜನಕದ ಮುಖ್ಯ ಆಕರವನ್ನೇ ತಳ್ಳಿದಂತಾಯಿತು. ಅದರ ಮೇಲೆ ‘ನಂಜು’ ಎಂದು ಕಾಳು, ಶೇಂಗಾ, ಮೊಸರುಗಳನ್ನೂ ನಿಲ್ಲಿಸಿದರೆ ಕೊನೆಗೆ ಉಳಿಯುವುದು ತುಪ್ಪವೊಂದೇ. ಶುದ್ಧ ತುಪ್ಪದಲ್ಲಿ ಸಸಾರಜನಕವಿಲ್ಲ.

ಆದರೂ ಮಾರ್ಗವಿಲ್ಲವೆನ್ನಲಾಗದು. ೨೦೦ ಗ್ರಾಂ ಪನೀರಿನಿಂದ ಸುಮಾರು ೩೬ ಗ್ರಾಂ, ೪೦೦ ಗ್ರಾಂ ಮೊಸರಿನಿಂದ ೧೨, ೬೦ ಗ್ರಾಂ ಶೇಂಗಾದಿಂದ ೧೫, ೫೦ ಗ್ರಾಂ ಸೋಯಾ ಅವರೆಯಿಂದ ೨೦, ೨೫ ಗ್ರಾಂ ಅಗಸಿ ಅಥವಾ ಎಳ್ಳಿನ ಹಿಂಡಿಯಿಂದ ೫: ಒಟ್ಟು ೮೮ ಗ್ರಾಂ. ಇವುಗಳಲ್ಲಿ ಪಿಷ್ಟವು ೫೦ ಗ್ರಾಂ ಸನಿಹದಲ್ಲಿಯೇ ನಿಲ್ಲುತ್ತದೆ. ಮೊಟ್ಟೆ ತಿನ್ನುವ ಮನೆಗಳಲ್ಲಿ ಒಂದೊಂದು ಮೊಟ್ಟೆಗೆ ೬ ಗ್ರಾಂ ಸೇರಿಸಿಕೊಳ್ಳಬಹುದು. ಹೆಸರುಬೇಳೆಯಲ್ಲಿ ನೂರಕ್ಕೆ ೨೪ ಗ್ರಾಂ ಸಸಾರಜನಕವಿದ್ದರೂ ಪಿಷ್ಟವು ೬೦ ಗ್ರಾಂ ಇರುವುದರಿಂದ ಕಟ್ಟುನಿಟ್ಟಾದ ಕೀಟೋಜೆನಿಕ್ ಕ್ರಮಕ್ಕೆ ಅದು ಹೊರಗು. ಇಷ್ಟನ್ನು ಉಣ್ಣಲಾರದ ರೋಗಿಗೆ ಗಾಯ ಮಾಯುವ ಕೆಲವು ವಾರಗಳ ಮಟ್ಟಿಗೆ ಆ ಕ್ರಮವನ್ನೇ ಸಡಿಲಿಸಿ, ಸುಶ್ರುತನು ಇರಿಸಿದ ಹೆಸರನ್ನು ಮರಳಿ ತಾಟಿಗೆ ತರುವುದು ಮೇಲೆಂದು ನಮಗೆ ತೋರುತ್ತದೆ. ಆದರೆ ಮೇಲಿನ ತಿಳಿಗಟ್ಟು ಸಾಲದು, ಬೇಳೆಯನ್ನೇ ಉಣ್ಣಬೇಕು. ಮಧುಮೇಹದ ಕೆಲವು ಹೊಸ ಗುಳಿಗೆಗಳನ್ನು ನುಂಗುತ್ತಿರುವವರಿಗೆ ಪಿಷ್ಟತ್ಯಾಗ ಮತ್ತು ಶಸ್ತ್ರಚಿಕಿತ್ಸೆ ಕೂಡಿದಾಗ ರಕ್ತವು ಆಮ್ಲವಾಗುವ ಅಪಾಯವಿದೆ. ಮೂತ್ರಪಿಂಡದ ದೋಷವಿರುವವರಿಗೆ ಸಸಾರಜನಕದ ಪ್ರಮಾಣವೇ ಬೇರೆ. ಇವರು ತಮ್ಮ ವೈದ್ಯರನ್ನು ಕೇಳದೆ ಯಾವ ಕ್ರಮವನ್ನೂ ಹಿಡಿಯಬಾರದು.

ಒಟ್ಟಿನಲ್ಲಿ ಹೇಳುವುದಾದರೆ, ಮೂರು ನಿಷೇಧಗಳನ್ನು ಮೂರು ಕಾಲದ ಜನ ಮೂರು ಬೇರೆ ಬೇರೆ ಉದ್ದೇಶಗಳಿಗಾಗಿ ವಿಧಿಸಿದರು. ಅವರಲ್ಲಿ ಯಾರೂ ಉಳಿದಿಬ್ಬರ ನಿಷೇಧಗಳನ್ನು ಕೂಡಿಸಿ ಒಬ್ಬ ರೋಗಿಯ ಮೇಲೆ ಹೊರಿಸಲು ಹೇಳಿರಲಿಲ್ಲ. ಗಾಯಾಳುಗಳಿಗೆ ಕೊಡುತ್ತಿದ್ದ ಊಟವನ್ನು ಕುರಿತ ಮನೆಮಾತುಗಳನ್ನು ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಗಳಲ್ಲಿ ಊರೂರು ತಿರುಗಿ ಸಂಗ್ರಹಿಸುವ ಕೆಲಸ ಇನ್ನೂ ಆಗಬೇಕಾಗಿದೆ. ಹಾಗೆ ಸಂಗ್ರಹಿಸುವ ವಿದ್ಯಾರ್ಥಿಗಳು ರೋಗಿಗೆ ಏನನ್ನು ಬಿಡಿಸಿದರೆಂದು ಕೇಳಿ ಬರೆದುಕೊಂಡ ಮೇಲೆ, ಅದರ ಎಡೆಯಲ್ಲಿ ಏನನ್ನು ಬಡಿಸಿದರೆಂಬುದನ್ನೂ ತಪ್ಪದೆ ಕೇಳಬೇಕೆಂದು ನಾವು ಸೂಚಿಸುತ್ತೇವೆ.