ಮಲದಲ್ಲಿ ರಕ್ತವೇ? ‘ಪೈಲ್ಸ್’ ಎಂದು ಸುಮ್ಮನಿರಬೇಡಿ: ಕರುಳಿನ ಕ್ಯಾನ್ಸರ್ ತಪಾಸಣೆ ಮತ್ತು ಎರಡನೇ ಅಭಿಪ್ರಾಯದ ಮಾಹಿತಿ

ಮಲದ ಜೊತೆ ರಕ್ತ ಹೋದರೆ ನಮ್ಮಲ್ಲಿ ಹೆಚ್ಚಿನವರು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಹೇಳಿದರೂ ‘ಪೈಲ್ಸ್ ಇರ್ಬೇಕು, ಖಾರ ಕಮ್ಮಿ ಮಾಡಿ’ ಅಂತ ಮನೆಯಲ್ಲೇ ತೀರ್ಮಾನ ಆಗಿಬಿಡುತ್ತದೆ. ಮಂಗಳೂರಿನ ಮನೆಯಿರಲಿ, ಗಲ್ಫ್‌ನ ರೂಮಿರಲಿ, ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಜಯಸಿಂಗಪುರ, ಇಚಲಕರಂಜಿ, ಗಡಹಿಂಗ್ಲಜ್‌ಗಳಲ್ಲಿರುವ ಕನ್ನಡಿಗರ ಮನೆಯಿರಲಿ, ಕಥೆ ಒಂದೇ. ಹೆಚ್ಚಿನ ಸಲ ಅದು ಪೈಲ್ಸೇ ಆಗಿರುತ್ತದೆ, ನಿಜ. ಆದರೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ನಲ್ಲೂ ಹೀಗೆಯೇ ರಕ್ತ ಬರುತ್ತದೆ. ಪರೀಕ್ಷೆ ಮಾಡದೆ ಇದು ಯಾವುದು ಎಂದು ಯಾರಿಗೂ ಹೇಳಲಾಗದು.

ಯಾವ ಲಕ್ಷಣಕ್ಕೆ ವೈದ್ಯರ ಬಳಿ ಹೋಗಬೇಕು?

* ಮಲದಲ್ಲಿ ರಕ್ತ, ಅಥವಾ ಡಾಂಬರಿನಂತೆ ಕಪ್ಪು ಮಲ
* ಕೆಲವು ವಾರಗಳಿಂದ ಮಲವಿಸರ್ಜನೆಯ ಕ್ರಮ ಬದಲಾಗಿರುವುದು: ಭೇದಿ, ಮಲಬದ್ಧತೆ, ಹೋಗಿ ಬಂದರೂ ಪೂರ್ತಿ ಆಗಿಲ್ಲ ಎಂಬ ಭಾವನೆ
* ಕಾರಣವಿಲ್ಲದೆ ತೂಕ ಇಳಿಯುವುದು, ಸುಸ್ತು, ರಕ್ತಹೀನತೆ
* ಮತ್ತೆ ಮತ್ತೆ ಬರುವ ಹೊಟ್ಟೆನೋವು

‘ನಾನು ಯುವಕ, ನನಗೇನಾಗುತ್ತೆ?’ ಎನ್ನುವವರು ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ನಟ ಚಾಡ್ವಿಕ್ ಬೋಸ್‌ಮನ್‌ರನ್ನು ನೆನಪಿಸಿಕೊಳ್ಳಲಿ. ಅವರಿಗೆ 2016ರಲ್ಲಿ ಈ ಕ್ಯಾನ್ಸರ್ ಪತ್ತೆಯಾದಾಗಲೇ ಮೂರನೇ ಹಂತದಲ್ಲಿತ್ತು. 2020ರಲ್ಲಿ, 43ನೇ ವಯಸ್ಸಿನಲ್ಲಿ ತೀರಿಕೊಂಡರು. ಫುಟ್ಬಾಲ್ ದಿಗ್ಗಜ ಪೆಲೆ ಅವರ ಕರುಳಿನ ಗಡ್ಡೆ ಕಂಡದ್ದು 2021ರ ಮಾಮೂಲಿ ತಪಾಸಣೆಯಲ್ಲಿ.

ತಪಾಸಣೆ ಯಾವಾಗ?

ಲಕ್ಷಣ ಏನೂ ಇಲ್ಲದಾಗ ಮಾಡಿಸುವುದು ತಪಾಸಣೆ. ಈ ಕ್ಯಾನ್ಸರ್ ಸಾಮಾನ್ಯವಾಗಿ ಕರುಳಿನ ಒಳಗೋಡೆಯಲ್ಲಿ ‘ಪಾಲಿಪ್’ ಎಂಬ ಸಣ್ಣ ಗಂಟಾಗಿ ಶುರುವಾಗುತ್ತದೆ. ಅದು ಕ್ಯಾನ್ಸರ್ ಆಗಲು ಹಲವು ವರ್ಷ, ಕೆಲವೊಮ್ಮೆ ಹತ್ತು ವರ್ಷವೂ ಬೇಕು. ಅಷ್ಟರೊಳಗೆ ಪಾಲಿಪ್ ತೆಗೆದರೆ ಕ್ಯಾನ್ಸರನ್ನೇ ತಡೆದಂತೆ.

ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ತಪಾಸಣೆ ಆರಂಭಿಸುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ನಮ್ಮ ದೇಶದಲ್ಲಿ 30 ದಾಟಿದವರಿಗೆ ಸರಕಾರ ನಡೆಸುವ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಮಾತ್ರ ಇವೆ. ಕರುಳು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಯಾರೂ ಕರೆಯುವುದಿಲ್ಲ, ನಾವೇ ಹೋಗಿ ಕೇಳಬೇಕು.

ಸುಲಭದ್ದು ‘ಫಿಟ್’ ಎಂಬ ಮಲ ಪರೀಕ್ಷೆ. ಕಣ್ಣಿಗೆ ಕಾಣದ ರಕ್ತವನ್ನೂ ಪತ್ತೆ ಹಚ್ಚುತ್ತದೆ, ವರ್ಷಕ್ಕೊಮ್ಮೆ ಮಾಡಿಸಬೇಕು. ಅದರಲ್ಲಿ ರಕ್ತ ಕಂಡರೆ ಕೊಲೊನೊಸ್ಕೋಪಿ ಆಗಲೇಬೇಕು. ಕೊಲೊನೊಸ್ಕೋಪಿಯಲ್ಲಿ ಎಲ್ಲ ಸರಿ ಇದ್ದರೆ ಸಾಮಾನ್ಯವಾಗಿ ಹತ್ತು ವರ್ಷದ ನಂತರ ಮತ್ತೆ ಮಾಡಿಸಿದರೆ ಸಾಕು. ಅದಕ್ಕೆ ಹಿಂದಿನ ದಿನವೇ ಔಷಧ ಕುಡಿದು ಕರುಳು ಖಾಲಿ ಮಾಡಬೇಕು. ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ತುರ್ತು ಇಲ್ಲದಿದ್ದರೆ ರಂಝಾನ್‌ಗೆ ಮುಂಚೆಯೋ ನಂತರವೋ ದಿನ ಗೊತ್ತುಮಾಡಿಕೊಳ್ಳಬಹುದು. ಗಲ್ಫ್‌ನಿಂದ ರಜೆಯಲ್ಲಿ ಬಂದವರು ಎರಡು ದಿನ ಇದಕ್ಕೆ ಇಡಿ.

ಉಪ್ಪ, ಉಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ 45ರವರೆಗೆ ಕಾಯಬೇಡಿ. 40ನೇ ವಯಸ್ಸಿಗೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಮಾಡಿಸಿ. ರಕ್ತ ಈಗಾಗಲೇ ಹೋಗುತ್ತಿದ್ದರೆ ವಯಸ್ಸಿನ ಲೆಕ್ಕ ಬೇಡ, ನೇರ ವೈದ್ಯರ ಬಳಿ ಹೋಗಿ.

ಎರಡನೇ ಅಭಿಪ್ರಾಯ ಡಾಕ್ಟರಿಗೆ ಅವಮಾನವಲ್ಲ

ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅಂತ ಬಂದ ಕೂಡಲೇ ಮನೆಯವರು ಕಂಗಾಲಾಗುತ್ತಾರೆ. ‘ನಾಳೆಯೇ ಆಪರೇಶನ್’ ಅಂದರೆ ನಾಳೆಯೇ, ‘ಆಪರೇಶನ್ ಬೇಡ, ನಾಟಿ ಮದ್ದಿದೆ’ ಅಂತ ಯಾರೋ ಹೇಳಿದರೆ ಅದಕ್ಕೂ ತಯಾರು. ಎರಡೂ ಅಪಾಯ.

ಗುದನಾಳದ ಕ್ಯಾನ್ಸರ್‌ನಲ್ಲಂತೂ ಇನ್ನೊಬ್ಬ ತಜ್ಞರ ಮಾತು ತುಂಬಾ ಮುಖ್ಯ. ಕೆಲವರಿಗೆ ಆಪರೇಶನ್‌ಗೆ ಮೊದಲು ರೇಡಿಯೇಶನ್, ಕೀಮೋ ಕೊಟ್ಟು ಗಡ್ಡೆ ಕುಗ್ಗಿಸಬೇಕಾಗುತ್ತದೆ. ಮಲದ್ವಾರ ಉಳಿಸಬಹುದೇ, ಹೊಟ್ಟೆಯ ಮೇಲೆ ಜೀವನಪೂರ್ತಿ ಚೀಲ ಬೇಕೇ ಎಂಬುದು ಈ ಹಂತದ ತೀರ್ಮಾನ. ಒಮ್ಮೆ ಕತ್ತರಿಸಿದ ಮೇಲೆ ಹಿಂದಕ್ಕೆ ಹೋಗಲಾಗದು.

ಹೋಗುವಾಗ ಇವು ಕೈಯಲ್ಲಿರಲಿ: ಕೊಲೊನೊಸ್ಕೋಪಿ ವರದಿ, ಬಯಾಪ್ಸಿ ವರದಿಯ ಜೊತೆ ಅದರ ಸ್ಲೈಡ್ ಮತ್ತು ಬ್ಲಾಕ್, ಸಿಟಿ ಹಾಗೂ ಎಂಆರ್‌ಐ ಸಿಡಿ, ರಕ್ತ ಪರೀಕ್ಷೆಗಳು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ 2002ರ ನಡವಳಿಕೆ ನಿಯಮಾವಳಿ ಹೇಳುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಪಟ್ಟಿಯಲ್ಲಿ ಎರಡನೇ ಅಭಿಪ್ರಾಯವೂ ಇದೆ.

ಜಯಸಿಂಗಪುರ, ಇಚಲಕರಂಜಿಯವರಿಗೆ ಮಿರಜ್ ಹತ್ತಿರ. ವಾನ್ಲೆಸ್ ಆಸ್ಪತ್ರೆಯ ಕಾಲದಿಂದಲೂ ಉತ್ತರ ಕರ್ನಾಟಕದವರು ಚಿಕಿತ್ಸೆಗೆ ಹೋಗುವ ಊರದು. ಕೊಲ್ಹಾಪುರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ, ಗಡಹಿಂಗ್ಲಜ್‌ನವರಿಗೆ ಸಂಕೇಶ್ವರದ ಮೇಲೆ ಬೆಳಗಾವಿ. ನಮ್ಮ ಕಡೆಯವರಿಗೆ ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಬೆಂಗಳೂರಿನ ಕಿದ್ವಾಯಿ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇವೆ. ಮುಂಬೈಗೆ ಹೋಗಲಾಗದವರು ಟಾಟಾ ಮೆಮೋರಿಯಲ್‌ನ ತಜ್ಞರ ಅಭಿಪ್ರಾಯವನ್ನು ‘ನವ್ಯ’ ಎಂಬ ಆನ್‌ಲೈನ್ ಸೇವೆಯ ಮೂಲಕವೂ ಪಡೆಯಬಹುದು.

ಖರ್ಚಿನ ಸಹಾಯ ರೇಷನ್ ಕಾರ್ಡ್ ಯಾವ ರಾಜ್ಯದ್ದು ಎಂಬುದರ ಮೇಲೆ ಹೋಗುತ್ತದೆ. ಕರ್ನಾಟಕದ್ದಾದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ, ಮಹಾರಾಷ್ಟ್ರದ್ದಾದರೆ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ. ಗಡಿ ದಾಟಿ ದಾಖಲಾಗುವ ಮೊದಲೇ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ವಿಚಾರಿಸಿ.

ಎರಡನೇ ಅಭಿಪ್ರಾಯಕ್ಕೆ ಒಂದೆರಡು ವಾರ ಹೋದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ತಿಂಗಳುಗಟ್ಟಲೆ ಅಲೆಯಬೇಡಿ. ಆದರೆ ಹೊಟ್ಟೆ ಉಬ್ಬಿ ಗಾಳಿಯೂ ಹೋಗದೆ ವಾಂತಿಯಾದರೆ, ವಿಪರೀತ ರಕ್ತ ಹೋದರೆ ಕಾಯುವಂತಿಲ್ಲ, ಹತ್ತಿರದ ಆಸ್ಪತ್ರೆಗೆ ಓಡಿ.

ಊಟದ ಬಗ್ಗೆ ಒಂದು ಮಾತು. ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಹೇಳಿದೆ. ದನ, ಆಡಿನಂಥ ಕೆಂಪು ಮಾಂಸ ‘ಬಹುಶಃ’ ಎಂಬ ಪಟ್ಟಿಯಲ್ಲಿದೆ. ಬಿಡಬೇಕೆಂದಿಲ್ಲ, ಮಿತಿ ಇರಲಿ. ತರಕಾರಿ, ನಡಿಗೆ ಹೆಚ್ಚಲಿ, ಸಿಗರೇಟು ಬೇಡ.

ರಕ್ತದಾನ ಶಿಬಿರಗಳನ್ನು ನಮ್ಮ ಯುವಕರು ಚೆನ್ನಾಗಿ ನಡೆಸುತ್ತಾರೆ. ಮುಂದಿನ ಶಿಬಿರದಲ್ಲಿ ಹತ್ತು ನಿಮಿಷ ಈ ವಿಷಯಕ್ಕೂ ಕೊಡಿ. ಇವತ್ತು ರಾತ್ರಿ ಮನೆಯಲ್ಲಿ ಉಪ್ಪ, ಉಮ್ಮನ ಹತ್ತಿರ ಒಂದು ಪ್ರಶ್ನೆ ಕೇಳಿ. ನಾಚಿಕೆ ಪಟ್ಟು ಅವರು ಮುಚ್ಚಿಟ್ಟದ್ದು ನಿಮ್ಮ ಒಂದು ಪ್ರಶ್ನೆಗೆ ಹೊರಬರಬಹುದು.