ಬಾವಿಗೆ ಬಿಟ್ಟ ಬೇಟೆಗಾರ



ನಿಮ್ಮಲ್ಲಿ ಕೆಲವರ ಮನೆಯಲ್ಲಿ ಗಾಜಿನ ಮೀನುತೊಟ್ಟಿ ಇರಬಹುದು. ಅದರಲ್ಲಿ ದಕ್ಷಿಣ ಅಮೆರಿಕದ ಆಸ್ಕರ್ ಮೀನಿದ್ದರೆ ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಬಾಯಿಗೆ ಹಿಡಿಸುವ ಯಾವ ಮೀನನ್ನೂ ಅದು ಬಿಡುವುದಿಲ್ಲ. ಬೇಟೆಗಾರ ಮೀನು ಸಾಕುವವರು ಕಲಿಯುವ ಮೊದಲ ಪಾಠವೇ ಇದು. ಕೋಲಾರ ಸೀಮೆಯ ಬಾವಿಗಳ ಇತಿಹಾಸದಲ್ಲೂ ಇದೇ ಪಾಠವಿದೆ. ಹೇಗೆಂದು ನೋಡೋಣ.

1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. ಆ ಬಳಿಕ ಸೊಳ್ಳೆಮರಿಗಳನ್ನು ತಿನ್ನುವ ಮೀನುಗಳಿಗೆ ಎಲ್ಲೆಡೆ ಬೇಡಿಕೆ ಬಂದಿತು. ಅವುಗಳಲ್ಲಿ ಒಂದು ಗ್ಯಾಂಬೂಸಿಯ. ಈ ಪುಟ್ಟ ಮೀನಿನ ತವರು ಅಮೆರಿಕ. 1928ರಲ್ಲಿ ಇದನ್ನು ಇಟಲಿಯಿಂದ ಬೆಂಗಳೂರಿಗೆ ತರಲಾಯಿತು. ಸೊಳ್ಳೆಮರಿಗಳು ಉಸಿರಾಡಲು ನೀರಿನ ಮೇಲ್ಮೈಗೆ ಬರುತ್ತವೆ. ಗ್ಯಾಂಬೂಸಿಯದ ಬಾಯಿ ಮೇಲ್ಮುಖವಾಗಿದೆ. ಬೇಟೆ ಸುಲಭವಲ್ಲವೆ?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ, ಬಾವಿಗಳೇ ಆಧಾರ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ಸೊಳ್ಳೆಯನ್ನು ಕೊಲ್ಲುವ ಔಷಧ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಹಾಗಾಗಿ ಮನೆಯೊಳಗೆ ಔಷಧ ಸಿಂಪಡಿಸಲು ರೈತರು ಹಿಂಜರಿಯುವುದು ಸಹಜ. 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಸುತ್ತಿನ ಹಳ್ಳಿಗಳ ಬಾವಿಗಳಲ್ಲಿ ಮೀನು ಬಿಟ್ಟು ಪರೀಕ್ಷಿಸಿದರು. ಮಲೇರಿಯಾ ಇಳಿಯಿತು. ಮೀನಿಗೆ ನಾವು ಕೃತಜ್ಞರಾಗಿರಬೇಕು.

ಆದರೆ ಬಾವಿ ಬೇರೆ, ಕೆರೆ ಬೇರೆ. ಬಾವಿ ಒಂದು ರೀತಿಯಲ್ಲಿ ಗಾಜಿನ ತೊಟ್ಟಿಯಂತೆ, ಅದಕ್ಕೆ ಗೋಡೆಯಿದೆ. ಕೆರೆಗೆ ಕೋಡಿಯಿದೆ. ಒಂದು ಕೆರೆ ತುಂಬಿದರೆ ನೀರು ಮುಂದಿನ ಕೆರೆಗೆ ಹರಿಯುತ್ತದೆ, ಜೊತೆಗೆ ಮೀನೂ ಹೋಗುತ್ತದೆ. ಗ್ಯಾಂಬೂಸಿಯ ಸೊಳ್ಳೆಮರಿಯಷ್ಟನ್ನೇ ತಿನ್ನುವುದಿಲ್ಲ. ಇತರ ಮೀನುಗಳ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆ ಎಲ್ಲವೂ ಅದಕ್ಕೆ ಆಹಾರವೇ. ಜಗತ್ತಿನ ಅತಿ ಹಾನಿಕರ 100 ಅನ್ಯದೇಶೀಯ ಜೀವಿಗಳ ಪಟ್ಟಿಯಲ್ಲಿ ಇಂದು ಅದರ ಹೆಸರೂ ಇದೆ. ನಮ್ಮ ಕೊರವ ಮೀನೂ ಬೇಟೆಗಾರನೇ. ಆದರೆ ಅದು ಇಲ್ಲಿನ ಜೀವಿಗಳ ಜೊತೆಯಲ್ಲೇ ಬಾಳುತ್ತ ಬಂದಿದೆ.

ಈಗ ನಿಮ್ಮ ಆಸ್ಕರ್‌ಗೆ ಬರೋಣ. ಅಂಗಡಿಯಲ್ಲಿ ಬೆರಳುದ್ದವಿದ್ದದ್ದು ಅಡಿಯುದ್ದ ಬೆಳೆಯುತ್ತದೆ. ತೊಟ್ಟಿ ಸಾಲದಾದಾಗ ಪಾಪವೆನಿಸಿ ಅದನ್ನು ಕೆರೆಗೆ ಬಿಡುವ ಮನಸ್ಸಾಗಬಹುದು. ಹಿಂದೆ ಬೇಸಿಗೆಯಲ್ಲಿ ಕೆರೆ ಒಣಗಿದರೆ ಅಂಥ ಮೀನು ಅಲ್ಲೇ ಸಾಯುತ್ತಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿದಿದೆ. ನೀರು ನಿಂತ ಕೆರೆಯಲ್ಲಿ ಬಿಟ್ಟ ಮೀನು ಉಳಿಯಬಹುದು, ಹೆಚ್ಚಬಹುದು, ಮುಂದಿನ ಕೆರೆಗೂ ಇಳಿಯಬಹುದು. ಆದ್ದರಿಂದ ಅದನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಿ.

ಒಂದು ಸಣ್ಣ ಕೆಲಸ ಮಾಡುವಿರಾ? ನಿಮ್ಮೂರ ಕೆರೆಯ ಕೋಡಿ ನೀರು ಯಾವ ಕೆರೆಗೆ ಸೇರುತ್ತದೆಂದು ಹಿರಿಯರನ್ನು ಕೇಳಿ ಬರೆದಿಡಿ. ನೀವು ಬಿಟ್ಟ ಒಂದು ಮೀನು ಎಷ್ಟು ದೂರ ಹೋಗಬಲ್ಲದೆಂದು ಆಗ ನಿಮಗೇ ತಿಳಿಯುತ್ತದೆ.