ತಟ್ಟೆಯಲ್ಲಿ ಉಳಿದ ಒಂದು ಸಂಜೆ

1956ರ ನವೆಂಬರ್ 1ರಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು ಅಂದಿನ ವಿಜಾಪುರ ಜಿಲ್ಲೆಯೊಡನೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ಹೊಸ ರಾಜ್ಯದ ರಾಜ್ಯಪಾಲರಾದವರು ಜಯಚಾಮರಾಜ ಒಡೆಯರು. ಅವರು ಅರಸರೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅವರು ನುರಿತ ಪಿಯಾನೋ ವಾದಕರೆಂಬುದನ್ನು ನಮ್ಮ ಭೀಮಾತೀರದಲ್ಲಿ ಬಲ್ಲವರು ಎಷ್ಟು ಮಂದಿ?

1919ರಲ್ಲಿ ಹುಟ್ಟಿದ ಈ ಯುವರಾಜರಿಗೆ ಸಭೆಗಳಲ್ಲಿ ಪಿಯಾನೋ ನುಡಿಸುವ ಕಲಾವಿದನಾಗಬೇಕೆಂಬ ಹಂಬಲವಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಇಪ್ಪತ್ತೊಂದರ ತರುಣನ ಹೆಗಲಿಗೆ ರಾಜ್ಯದ ಭಾರ ಬಿತ್ತು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ದೊರೆಯಿತು. ವೇದಿಕೆ ಮಾತ್ರ ದೊರೆಯಲಿಲ್ಲ.

ತಾನು ಆಗಲಾರದ್ದನ್ನು ಕಂಡು ಕೊರಗುವವರುಂಟು, ಅಸೂಯೆಪಡುವವರೂ ಉಂಟು. ಒಡೆಯರು ಈ ಎರಡನ್ನೂ ಮಾಡದೆ ಇತರರ ನಾದವನ್ನು ಉಳಿಸಲು ಹೊರಟರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರ ಲಂಡನ್ನಿನಲ್ಲಿ ಮುಪ್ಪಿನಲ್ಲಿ, ಅನಾರೋಗ್ಯದಲ್ಲಿ, ಮರೆವಿನ ಅಂಚಿನಲ್ಲಿದ್ದ. ಆತನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸಲು ಮಹಾರಾಜರು ಹಣ ಒದಗಿಸಿದರು. ಮೆಟ್ನರ್ 1951ರಲ್ಲಿ ತೀರಿಕೊಂಡ. ಆದರೆ ಅವನ ಬೆರಳುಗಳ ಸದ್ದು ಗ್ರಾಮೋಫೋನ್ ತಟ್ಟೆಗಳಲ್ಲಿ ಉಳಿಯಿತು. ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವನು ಮೈಸೂರಿನ ಈ ದೊರೆಗೆ ಅರ್ಪಿಸಿದ್ದಾನೆ.

ಇನ್ನೊಂದು ಸಂಗತಿ ಇದಕ್ಕಿಂತಲೂ ಸೋಜಿಗದ್ದು. ಜರ್ಮನಿಯ ರಿಚರ್ಡ್ ಸ್ಟ್ರೌಸ್ 1948ರಲ್ಲಿ ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ರಚಿಸಿದ ನಾಲ್ಕು ಹಾಡುಗಳು ಮೊದಲ ಬಾರಿ ಸಭೆಯಲ್ಲಿ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಸ್ಟ್ರೌಸ್ ಆಗಲೇ ತೀರಿಹೋಗಿದ್ದ. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಆ ಕಚೇರಿಗೆ 4,800 ಡಾಲರುಗಳ ಜಾಮೀನು ನಿಂತವರು ನಮ್ಮ ಒಡೆಯರು. ಅವರ ಸಂಗ್ರಹದಲ್ಲಿ ಆಗಲೇ ಸುಮಾರು 20,000 ತಟ್ಟೆಗಳಿದ್ದವೆಂದು ಅಂದಾಜು. ಅಂದಿನ ಹಾಡುಗಾರಿಕೆ ಅಲ್ಲಿಯೇ ಮುದ್ರಣಗೊಂಡು ಮೈಸೂರಿಗೆ ಹಡಗೇರಿತು.

ಆ ಮುದ್ರಣವನ್ನು ಈಗಲೂ ಕೇಳಬಹುದು. ಗರಗರ ಸದ್ದಿನ ಹಿಂದೆ ಕಂಠವು ಮಂಜಿನಾಚೆಯ ದೀಪದಂತೆ ಮಿಣುಕುತ್ತದೆ. ಕೇಳುವಾಗ ನನಗೆ ಹಾಡಿನ ಸೊಗಸಿಗಿಂತ ಹೆಚ್ಚಾಗಿ ತಟ್ಟುವುದು ಒಂದು ವಿಚಾರ: ಯಾರೋ ಒಬ್ಬರು ‘ಇದು ಉಳಿಯಲಿ’ ಎನ್ನದಿದ್ದರೆ ಆ ಸಂಜೆ ಎಂದೋ ಗಾಳಿಯಲ್ಲಿ ಕರಗಿಹೋಗುತ್ತಿತ್ತು.

ಹಾಗೆ ಎಂದವರು ನಮ್ಮ ಕಡೆಗೂ ಇದ್ದರು. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಸೇರಿ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಹೊರಬಂತು. ಅವರ ಬೆನ್ನಿಗೆ ಅರಮನೆಯ ಖಜಾನೆಯಿರಲಿಲ್ಲ. ಕೈಯಲ್ಲಿದ್ದದ್ದು ಕಾಗದ, ಲೇಖನಿ. ಅದರಿಂದ ಪದ ಉಳಿಯಿತು. ಬೀಸುಕಲ್ಲಿನ ಲಯಕ್ಕೆ ಏರಿಳಿದ ಆ ತಾಯಂದಿರ ಕಂಠ ಅಚ್ಚಿನ ಪುಟಕ್ಕೆ ಇಳಿಯುವಂಥದಲ್ಲ.

ಅರಸನ ತಟ್ಟೆ ದೊಡ್ಡದೋ, ಗೆಳೆಯರ ಕಾಗದ ದೊಡ್ಡದೋ ಎಂದು ತೂಗುವುದು ನನ್ನ ಉದ್ದೇಶವಲ್ಲ. ಎರಡರ ಹಿಂದಿನ ಬುದ್ಧಿ ಒಂದೇ. ಇಂದು ಧ್ವನಿ ಹಿಡಿಯಲು ದೊರೆಯ ಜಾಮೀನು ಬೇಕಿಲ್ಲ. ಎಲ್ಲರ ಜೇಬಿನಲ್ಲಿಯೂ ಯಂತ್ರವಿದೆ. ಹಂತಿಯ ಪದ, ಮೊಹರಮ್ಮಿನ ರಿವಾಯತ್, ಸೋಬಾನೆ ಬಲ್ಲ ಹಿರಿಯರು ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಎದುರು ಕುಳಿತು, ಅವರ ಹೆಸರು, ಊರು, ದಿನಾಂಕಗಳನ್ನು ಗುರುತು ಹಾಕಿಕೊಂಡು, ‘ಅವ್ವಾ, ಒಂದು ಪದಾ ಹಾಡ್ರಿ’ ಎಂದು ಕೇಳುವವರಷ್ಟೇ ಬೇಕಾಗಿದ್ದಾರೆ.